ಲೈನಕ್ಕನ ಮಂಗಳವಾರ

"ಯಾರು ಬೇಕಾಗಿತ್ತು?" ಎಂದುಬಿಟ್ಟಳು ಲೈನಕ್ಕ. ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡಳು. ಈ ಊರಿನಲ್ಲಿ ಹಾಗೆ ಕೇಳುವಂತಿಲ್ಲ. "ನಂಬರ್ ಹೇಳಿ" ಎನ್ನಬೇಕು, ಅಷ್ಟೆ.

"ಯಾರು ಬೇಕಾದ್ರೆ ನಿಮಗ್ಯಾಕ್ರೀ? ನಂಬರ್ ತಗೊಳ್ಳಿ" ಎಂದಿತು ಆ ಕಡೆಯ ಗಂಡುದನಿ. ತಗೊಂಡಳು. ಎದುರಿನ ಹಲಗೆಯಲ್ಲಿ ಆತ ಕೇಳಿದ ಊರಿನ ತೂತಿಗೆ ವೈರಿನ ತುದಿ ಚುಚ್ಚಿ, ಗಂಟೆ ಬಾರಿಸಿ, ಅತ್ತ ಎತ್ತಿದ ಮೇಲೆ "ಮಾತಾಡಿ" ಎಂದಳು. ಆತ ಮಾತಾಡಿದ, ಇಟ್ಟ. ಒಂದು 'ಆಯ್ತಮ್ಮ' ಇಲ್ಲ, 'ಬರ್ತೀನಿ' ಇಲ್ಲ. ಬಾಗಿಲು ತೆಗೆದವರ ಮುಖವನ್ನೂ ನೋಡದೆ ಒಳಗೆ ನುಗ್ಗಿ ಹೊರಗೆ ಹೋದ ಹಾಗೆ.

ಆಗ ಇನ್ನೊಂದು ಊರಿಗೆ ಫೋನು ಮಾಡಬೇಕೆಂದರೆ ಟ್ರಂಕ್ ಎಕ್ಸ್‌ಚೇಂಜಿಗೆ ಹೇಳಿ ಕಾಯಬೇಕಾಗಿದ್ದ ಕಾಲ. ನಗರದ ಎಕ್ಸ್‌ಚೇಂಜು ಎಂದರೆ ರೈಲು ಬೋಗಿಯಷ್ಟು ಉದ್ದದ ಒಂದು ಕೋಣೆ. ಗೋಡೆಯುದ್ದಕ್ಕೂ ಮರದ ಹಲಗೆ, ಹಲಗೆಯ ತುಂಬ ತೂತು, ಪ್ರತಿ ತೂತಿಗೂ ಒಂದು ಪುಟ್ಟ ದೀಪ. ಅದರ ಮುಂದೆ ಎತ್ತರದ ಕುರ್ಚಿಗಳಲ್ಲಿ ಸಾಲಾಗಿ ಹೆಂಗಸರು, ಎಲ್ಲರ ತಲೆಗೂ ಹೆಡ್‌ಫೋನು. ಬೆನ್ನ ಹಿಂದೆ ಸದ್ದಿಲ್ಲದೆ ಓಡಾಡುವ ಮೇಲ್ವಿಚಾರಕಿ. ಹುಡುಗಿಯರು ಆಕೆಗೆ ಹತ್ತಿಕಾಲಮ್ಮ ಎಂದು ಹೆಸರಿಟ್ಟಿದ್ದರು. ಆಪರೇಟರುಗಳು ಏನು ಹೇಳಬಹುದು ಎಂಬುದನ್ನು ಬರೆಸಿ ಗೋಡೆಗೆ ತೂಗುಹಾಕಿದ್ದರು: ನಂಬರ್ ಹೇಳಿ. ದಯವಿಟ್ಟು ಕಾಯಿರಿ. ಲೈನ್ ಬಿಜಿಯಾಗಿದೆ. ಉತ್ತರ ಬರುತ್ತಿಲ್ಲ. ಮಾತಾಡಿ. ಮೂರು ನಿಮಿಷ ಆಯಿತು. ಇಷ್ಟರಲ್ಲೇ ಬೆಳಗಿನಿಂದ ಸಂಜೆ ಮಾಡಬೇಕು. "ಗಿಣಿಗೂ ಇದಕ್ಕಿಂತ ಜಾಸ್ತಿ ಮಾತು ಕಲಿಸ್ತಾರೆ" ಎಂದು ಲೈನಕ್ಕ ಗಂಡನ ಹತ್ತಿರ ಹೇಳಿಕೊಂಡಿದ್ದಳು.

ಅವಳು ಹಾಗೆ ಅಂದದ್ದರಲ್ಲಿ ತಪ್ಪೇನೂ ಇಲ್ಲ. ಬಾಯಿ ಇರುವ ಹೆಂಗಸು, ಅದೂ ಇಪ್ಪತ್ತು ವರ್ಷ ಒಂದು ಊರಿನ ಬಾಯಿ ಕಿವಿ ಎರಡೂ ಆಗಿದ್ದವಳು. ಲೈನಕ್ಕ ಎಂಬ ಹೆಸರೂ ಆ ಊರು ಇಟ್ಟದ್ದೇ.

ಆ ಊರಿನ ಎಕ್ಸ್‌ಚೇಂಜು ಅಂಚೆ ಕಚೇರಿಯ ಹಿಂದಿನ ಒಂದೇ ಕೋಣೆ. ಒಂದೇ ಹಲಗೆ, ಒಂದೇ ಕುರ್ಚಿ, ಕುರ್ಚಿಯ ಮೇಲೆ ಅವಳೇ ಹೊಲಿದ ದಿಂಬು. ಪಕ್ಕದ ಕಿಟಕಿ ನಾಲ್ಕು ರಸ್ತೆ ಕೂಡುವ ಕಡೆಗೆ ತೆರೆದಿತ್ತು. ಯಾರ ಬಳಿಯೂ ನಂಬರು ಇರಲಿಲ್ಲ. ಇದ್ದರೂ ಯಾರೂ ಹೇಳುತ್ತಿರಲಿಲ್ಲ. "ಡಾಕ್ಟರಿಗೆ ಕೊಡಕ್ಕ" ಎನ್ನುತ್ತಿದ್ದರು. "ಡಾಕ್ಟರು ಮನೇಲಿಲ್ಲ, ಈಗ ತಾನೇ ಸ್ಕೂಟರ್ ಗಿರಣಿ ಕಡೆ ಹೋಯ್ತು. ಗಿರಣಿಯೋರ ತಾಯಿಗೆ ಜ್ವರ ಅಂತೆ. ಅಲ್ಲಿಗೇ ಕೊಡ್ತೀನಿ ಇರಿ" ಎಂದು ಅಲ್ಲಿಗೇ ಕೊಡುತ್ತಿದ್ದಳು. ಬಟ್ಟೆ ಅಂಗಡಿಯ ಸಾಹುಕಾರರಿಗೆ ಯಾರಾದರೂ ಮಧ್ಯಾಹ್ನ ಫೋನು ಮಾಡಿದರೆ, "ಈಗ ಊಟ ಮುಗಿಸಿ ಒರಗಿರ್ತಾರೆ, ಎಬ್ಬಿಸಿದ್ರೆ ಸಿಡುಕ್ತಾರೆ, ನಿಮ್ಮ ಕೆಲಸ ಆಗಲ್ಲ. ನಾಲ್ಕು ಗಂಟೆ ಮೇಲೆ ನಾನೇ ಕರೀತೀನಿ" ಎನ್ನುತ್ತಿದ್ದಳು. ಕೆಲಸ ಆಗುತ್ತಿತ್ತು.

ಸ್ಕೂಲ್ ಮೇಷ್ಟರ ಹೆಂಡತಿಗೆ ಚೊಚ್ಚಲ ಮಗುವಾದಾಗ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಅಂಗಡಿಗೋ ನೀರಿಗೋ ಹೋಗುವುದಿದ್ದರೆ ಆ ಹುಡುಗಿ ಫೋನಿನ ರಿಸೀವರನ್ನು ಮಗುವಿನ ಪಕ್ಕದಲ್ಲಿ ತೆಗೆದಿಟ್ಟು, "ಅಕ್ಕಾ, ಸ್ವಲ್ಪ ಕೇಳಿಸ್ಕೋತಾ ಇರಿ" ಎಂದು ಹೋಗುತ್ತಿದ್ದಳು. ಲೈನಕ್ಕ ಒಂದು ಕಿವಿಯಲ್ಲಿ ಊರಿನ ವ್ಯವಹಾರ, ಇನ್ನೊಂದು ಕಿವಿಯಲ್ಲಿ ಮಗುವಿನ ಉಸಿರು ಕೇಳುತ್ತ ಕೂರುವಳು. ಮಗು ಕೊಸರಿಕೊಂಡರೆ ಅಂಗಡಿಗೆ ಗಂಟೆ ಬಾರಿಸುವಳು. ಅಂಗಡಿಯವನು ಕೂಗಿ ಹೇಳುವನು. ಸಕ್ಕರೆ ಪೊಟ್ಟಣ ಅಲ್ಲೇ ಬಿಟ್ಟು ತಾಯಿ ಓಡುವಳು. ಲೈನಕ್ಕನಿಗೆ ಮಕ್ಕಳಾಗಿರಲಿಲ್ಲ. ಆ ಮಗುವಿನ ನಿದ್ದೆಯ ಸದ್ದನ್ನು ಅವಳು ಹೆತ್ತವಳಿಗಿಂತ ಹೆಚ್ಚು ಕೇಳಿದ್ದಳು.

ಇನ್ನು ಬೀದಿಯ ಮಾತು. ಆ ಊರಿನಲ್ಲಿ ಕಣ್ಣಿಗೆ ಕಾಣುವುದನ್ನೇ ಕೇಳುವುದು ಮರ್ಯಾದೆ. ಚೀಲ ಹಿಡಿದು ಹೊರಟವನನ್ನು "ಹೊರಟ್ರಾ?" ಎನ್ನಬೇಕು. ಬಂದು ಎದುರಿಗೆ ನಿಂತವನನ್ನು "ಬಂದ್ರಾ?" ಎನ್ನಬೇಕು. ಬಾವಿಯ ಕಟ್ಟೆಯಲ್ಲಿ ಕೊಡ ಹಿಡಿದು ನಿಂತವಳನ್ನು "ನೀರಿಗಾ?" ಎನ್ನಬೇಕು. ಕೇಳದೆ ದಾಟಿ ಹೋದರೆ ಸಂಜೆಯೊಳಗೆ ಊರೆಲ್ಲ ಸುದ್ದಿ, ಅವರಿಗೂ ಇವರಿಗೂ ಏನೋ ಮುನಿಸಂತೆ ಎಂದು.

ಆಮೇಲೆ ಅಲ್ಲಿಗೆ ಯಂತ್ರದ ಎಕ್ಸ್‌ಚೇಂಜು ಬಂತು. ಜನ ತಾವೇ ನಂಬರು ತಿರುಗಿಸಬಹುದಾಯಿತು, ಲೈನಕ್ಕನಿಗೆ ನಗರಕ್ಕೆ ವರ್ಗವಾಯಿತು. ಅವಳು ಹಲಗೆಯ ಮುಂದೆ ಕೂತ ಕೊನೆಯ ಮಧ್ಯಾಹ್ನ ಇದ್ದಕ್ಕಿದ್ದಂತೆ ದೀಪಗಳು ಒಂದರ ಮೇಲೊಂದು ಹತ್ತತೊಡಗಿದವು. ಯಾರಿಗೂ ಯಾರೂ ಬೇಕಾಗಿರಲಿಲ್ಲ. "ಏನಿಲ್ಲಕ್ಕ, ಸುಮ್ನೆ ಎತ್ತಿದೆ" ಎಂದಳು ಮೇಷ್ಟರ ಹೆಂಡತಿ. "ಹೋಗ್ತೀಯಂತಲ್ಲ ತಾಯಿ" ಎಂದರು ಸಾಹುಕಾರರು, ಅಂದು ಮಧ್ಯಾಹ್ನ ಮಲಗಿರಲಿಲ್ಲ. ಹಲಗೆ ಪೂರ್ತಿ ಬೆಳಗಿತು. ಎರಡೇ ಕೈ, ಎಷ್ಟು ಕಡೆ ಉತ್ತರ ಕೊಟ್ಟಾಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ನಗರದಲ್ಲಿ ಅವರಿಗೆ ಸಿಕ್ಕಿದ್ದು ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮೂಲೆ. ಬಂದ ಮರುದಿನ ಮೆಟ್ಟಿಲಲ್ಲಿ ಎದುರಾದ ಪಕ್ಕದ ಮನೆಯಾಕೆಯನ್ನು ನೋಡಿ ಲೈನಕ್ಕ ಬಾಯ್ತುಂಬ ನಕ್ಕು "ಹೊರಟ್ರಾ?" ಎಂದಳು. ಆಕೆ ನಿಂತು, ತನ್ನ ಬಟ್ಟೆಗೇನಾದರೂ ಅಂಟಿದೆಯೇ ಎಂದು ಹಿಂದೆ ಮುಂದೆ ನೋಡಿಕೊಂಡು, ಏನೂ ಕಾಣದೆ ಇಳಿದು ಹೋದಳು. ಕೆಳಗಿನ ಅಂಗಡಿಯವನ ಹತ್ತಿರ ಮಕ್ಕಳೆಷ್ಟು ಎಂದು ವಿಚಾರಿಸಿದರೆ ಅವನು "ಚಿಲ್ಲರೆ ಇದೆಯಾ?" ಎಂದ. ಲೈನಕ್ಕನಿಗೆ ಅನ್ನ ಸೇರದಾಯಿತು. ಅವಳ ಗಂಡ ಮಾತ್ರ, ಗಡಿಯಾರ ರಿಪೇರಿಯ ಮನುಷ್ಯ, ಒಂದು ದೊಡ್ಡ ಅಂಗಡಿಯ ಮೂಲೆಯಲ್ಲಿ ಮೇಜು ಸಂಪಾದಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಾಯಾಗಿದ್ದುಬಿಟ್ಟ. ಹಿಂದಿಗಿಂತ ಒಂದು ತುತ್ತು ಜಾಸ್ತಿಯೇ ಉಣ್ಣುತ್ತಿದ್ದ. ಅದು ಅವಳಿಗೆ ಗಾಯದ ಮೇಲೆ ಉಪ್ಪು ಸವರಿದ ಹಾಗಾಗಿತ್ತು.

ಇಂಥ ಹೊತ್ತಿನಲ್ಲಿ ಮಂಗಳವಾರದವಳು ಸಿಕ್ಕಿದಳು.

ಲೈನಕ್ಕನ ಹಲಗೆಗೆ ಬರುತ್ತಿದ್ದುದು ಅವಳ ತವರಿನ ಕಡೆಯ ಊರುಗಳ ಲೈನು. ಆ ಭಾಗದ ಸಣ್ಣಪುಟ್ಟ ಹಳ್ಳಿಗಳ ಹೆಸರು ಗೊತ್ತಿದ್ದವಳೆಂದು ಅಲ್ಲಿ ಕೂರಿಸಿದ್ದರು. ಒಂದು ಮಂಗಳವಾರ ಮಧ್ಯಾಹ್ನ ಒಂದು ಹೆಣ್ಣುದನಿ ನಂಬರು ಕೊಟ್ಟು, ಕಾಯಿರಿ ಎಂದಾಗ "ಆಯ್ತಕ್ಕ, ನಿಧಾನಕ್ಕೆ ಮಾಡಿ" ಎಂದಿತು. ಯಾರೂ ಹೇಳಿಕೊಡದೆ, ತಾನಾಗಿ, ಅಕ್ಕ ಎಂದಿತು. ಲೈನಕ್ಕನ ಕೈಯಲ್ಲಿದ್ದ ವೈರು ಅಲ್ಲೇ ನಿಂತಿತು.

ಅಂದಿನಿಂದ ಪ್ರತಿ ಮಂಗಳವಾರ ಊಟದ ಹೊತ್ತು ಮುಗಿಯುತ್ತಿದ್ದ ಹಾಗೆ ಆ ದೀಪ ಹತ್ತುತ್ತಿತ್ತು. "ಅಕ್ಕಾ, ನಾನು, ರೇಡಿಯೋ ಅಂಗಡಿಯಿಂದ." ರೇಡಿಯೋ ರಿಪೇರಿ ಮಾಡುವ ಅಂಗಡಿ ತನ್ನ ತಮ್ಮನದೆಂದು ಅವಳೇ ಹೇಳಿದ್ದಳು. ಕೇಳುತ್ತಿದ್ದುದು ದೂರದ ಹಳ್ಳಿಯ ಒಂದು ಕಿರಾಣಿ ಅಂಗಡಿಯ ನಂಬರು, ಆ ಹೊತ್ತಿಗೆ ಅವಳ ತಾಯಿ ಅಲ್ಲಿಗೆ ಬಂದು ಕಾದಿರುತ್ತಿದ್ದಳು. ಲೈನು ಸಿಗುವತನಕ ಒಂದೆರಡು ನಿಮಿಷ ಬಿಡುವು. ಹತ್ತಿಕಾಲಮ್ಮ ಆ ಕೊನೆಯಲ್ಲಿದ್ದಾಳೆಯೇ ಈ ಕೊನೆಯಲ್ಲಿದ್ದಾಳೆಯೇ ನೋಡಿಕೊಂಡು ಲೈನಕ್ಕ ಪಿಸುದನಿಯಲ್ಲಿ, ಊಟ ಆಯ್ತಾ, ಏನು ಅಡುಗೆ, ನೆಗಡಿ ವಾಸಿಯಾಯ್ತಾ ಎಂದು ಕೇಳುವಳು. ಅವಳೂ ಕೇಳುವಳು. ಒಮ್ಮೆ ಲೈನು ಬಹಳ ಹೊತ್ತು ಸಿಗದೆ ಹೋದಾಗ, "ಸಿಕ್ಕರೆ ಮನೆಗೆ ಕೊಟ್ಟುಬಿಡಿ ಅಕ್ಕ, ಇವತ್ತು ಇವರು ಊರಲ್ಲಿಲ್ಲ" ಎಂದು ಮನೆಯ ನಂಬರನ್ನೂ ಕೊಟ್ಟಿದ್ದಳು. ಲೈನಕ್ಕ ಅದನ್ನು ಬರೆದುಕೊಳ್ಳಲಿಲ್ಲ, ನೆನಪಿಟ್ಟುಕೊಂಡಳು. ಬೇಕಾದವರ ನಂಬರು ಬರೆದಿಟ್ಟುಕೊಳ್ಳುವುದು ಅವಳ ಪ್ರಕಾರ ಅವಮಾನ.

ತಾಯಿ ಸಿಕ್ಕ ಮೇಲೆ ಲೈನು ಚೆನ್ನಾಗಿದೆಯೇ ಎಂದು ಒಂದು ಗಳಿಗೆ ಕೇಳುವುದು ಆಪರೇಟರಿನ ಕೆಲಸ. ಆ ಒಂದು ಗಳಿಗೆಯಲ್ಲಿ "ಅಮ್ಮಾ" ಎಂದು ಎರಡು ದನಿ ಕೇಳುತ್ತಿತ್ತು. ಒಂದು ಅವಳದು, ಒಂದು ತಮ್ಮನದು, ಒಂದೇ ರಿಸೀವರಿಗೆ ಇಬ್ಬರೂ ಕಿವಿ ಹಚ್ಚಿರುತ್ತಿದ್ದರೆಂದು ಕಾಣುತ್ತದೆ. ಲೈನಕ್ಕ ಆ ಮಾತು ತನ್ನ ಕಿವಿಗೆ ಬೀಳದಂತೆ ಕೀಲಿ ಮುಚ್ಚಿ ಹಿಂದಕ್ಕೊರಗುವಳು. ಬುಧವಾರದಿಂದ ಸೋಮವಾರದವರೆಗಿನ ಬೈಗುಳಗಳನ್ನು ಆ ಎರಡು 'ಅಮ್ಮಾ' ತೊಳೆದುಹಾಕುತ್ತಿದ್ದವು. ನಗರದಲ್ಲಿ ಅವಳಿಗೆ ಇದ್ದುದು ಅದೊಂದೇ ಪರಿಚಯ, ಮುಖವಿಲ್ಲದ್ದು. ಅದೂ ಇಲ್ಲದಿದ್ದರೆ ಈ ಊರಿನಲ್ಲಿ ತಾನು ಯಾರಿಗೆ ಏನು ಎಂದು ಅವಳಿಗೇ ತಿಳಿಯದೆ ಹೋಗುತ್ತಿತ್ತು.

ಒಂದು ಮಂಗಳವಾರ, ಅವಳ ದೀಪ ಹತ್ತುವ ಹೊತ್ತಿಗೆ ಸ್ವಲ್ಪ ಮುಂಚೆ, ಆ ಕಡೆಯ ಒಂದು ಪೇಟೆಯಿಂದ ಪಿ.ಪಿ. ಕಾಲ್ ಬಂತು. ಪಿ.ಪಿ. ಕಾಲ್ ಎಂದರೆ ಹೆಸರು ಹೇಳಿದ ವ್ಯಕ್ತಿಯೇ ಬೇಕು, ಬೇರೆಯವರು ಬೇಡ. ಆ ವ್ಯಕ್ತಿಯನ್ನು ಹುಡುಕಿ ಕೊಡಬೇಕಾದದ್ದು ಆಪರೇಟರು. ಕೇಳಿದ ನಂಬರು ಮಂಗಳವಾರದವಳ ಮನೆಯದು. ಕೇಳಿದಾತ ಅವಳ ಗಂಡ. ನೀರೆತ್ತುವ ಪಂಪು ಮಾರುವ ಕೆಲಸದಲ್ಲಿ ಪೇಟೆ ಪೇಟೆ ಸುತ್ತುತ್ತಾನೆಂದು ಅವಳೇ ಹೇಳಿದ್ದಳು. ಲೈನಕ್ಕನಿಗೆ ಬೀಗರ ಮನೆಯವರೇ ಬಾಗಿಲಿಗೆ ಬಂದಷ್ಟು ಸಂತೋಷವಾಯಿತು. ಮನೆಗೆ ಗಂಟೆ ಬಾರಿಸಿದಳು. ಎತ್ತಲಿಲ್ಲ. ಮತ್ತೆ ಬಾರಿಸಿದಳು.

ಗೋಡೆಯ ಮೇಲಿನ ವಾಕ್ಯ ಅಲ್ಲೇ ಇತ್ತು. ಉತ್ತರ ಬರುತ್ತಿಲ್ಲ. ಅದನ್ನು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಲೈನಕ್ಕ ಹುಡುಕಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. "ಮನೇಲಿ ಎತ್ತುತ್ತಿಲ್ಲ ಸಾರ್. ಇವತ್ತು ಮಂಗಳವಾರ ಅಲ್ವಾ, ಈ ಹೊತ್ತಿಗೆ ತಮ್ಮನ ರೇಡಿಯೋ ಅಂಗಡೀಲಿರ್ತಾರೆ. ಅಲ್ಲಿಗೇ ಕೊಡ್ತೀನಿ ಇರಿ" ಎಂದಳು.

"ತಮ್ಮನ ಅಂಗಡಿ" ಎಂದು ಆತ ಆ ಮಾತನ್ನೇ ತಿರುಗಿ ಅಂದ.

"ಕೊಡಿ" ಎಂದ ಆತ.

ಕೊಟ್ಟಳು. ತಮ್ಮ ಎತ್ತಿ, ಅಕ್ಕಾ ನಿನಗೆ, ಎಂದು ಕೂಗಿದ. ಅವಳು ಬಂದು, ಲೈನಕ್ಕನೇ ಮೊದಲು ಕರೆದಿದ್ದಾಳೆಂದು ತಿಳಿದು, ನಗುತ್ತ "ಹೇಳಿ ಅಕ್ಕಾ" ಎಂದಳು. "ನಾನು" ಎಂದ ಗಂಡ. ಲೈನಕ್ಕ ಕೀಲಿ ಮುಚ್ಚಬೇಕಿತ್ತು, ಬೆರಳು ಆಡಲಿಲ್ಲ. ಅವಳ ನಗು ಅಲ್ಲೇ ಕಡಿದದ್ದು ಕೇಳಿಸಿತು. "ಎಷ್ಟು ದಿನದಿಂದ ಇದು? ನಿಮ್ಮಪ್ಪ ಮನೆಯಿಂದ ಆಚೆ ಹಾಕಿದ ಹುಡುಗನ ಜೊತೆ?" ಎಂದ ಆತ, ದನಿ ಏರಿಸದೆ. "ನಿಮ್ಮಪ್ಪನಿಗೆ ನಾನೇ ಹೇಳ್ತೀನಿ." ಲೈನು ಕಡಿಯಿತು.

ಅಂದು ರೇಡಿಯೋ ಅಂಗಡಿಯ ದೀಪ ಹತ್ತಲೇ ಇಲ್ಲ. ದೂರದ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಒಬ್ಬ ಮುದುಕಿ ಕತ್ತಲಾಗುವತನಕ ಕಾದಿರಬೇಕು.

ಮರುದಿನ ಹತ್ತಿಕಾಲಮ್ಮ ಲೈನಕ್ಕನನ್ನು ಕಾಫಿ ಕುಡಿಯುವ ಕೋಣೆಗೆ ಕರೆದಳು. ಆಕೆ ಪೂರ್ತಿ ಕೇಳಿಸಿಕೊಂಡಿದ್ದಳು; ಯಾವ ಆಪರೇಟರಿನ ಮಾತನ್ನಾದರೂ ತನ್ನ ಮೇಜಿನಿಂದ ಕೇಳುವ ಅನುಕೂಲ ಆಕೆಗಿತ್ತು. ಲೈನಕ್ಕ ನಿಂತೇ ಇದ್ದಳು, ಕೆಳಗಿನ ಬಿಲ್ ವಿಭಾಗಕ್ಕೆ ಹಾಕುತ್ತಾರೆ, ಹಾಕಲಿ ಎಂದುಕೊಂಡು. ತಪ್ಪು ಆಗಿದೆ ಎಂದಳು. ಆದರೆ ತಾನು ಕೆಟ್ಟದ್ದೇನು ಮಾಡಿದೆ ಎಂಬುದು ಇನ್ನೂ ಅರ್ಥವಾಗಿಲ್ಲ, ಕಷ್ಟಕ್ಕೆ ಆಗೋದೇ ತಪ್ಪಾದರೆ ಮನುಷ್ಯರು ಯಾಕಿರಬೇಕು ಎಂದೂ ಅಂದಳು. ಹತ್ತಿಕಾಲಮ್ಮ ಗದರಲಿಲ್ಲ. ಕೂರಿ ಎಂದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು.

"ನಾನು ಹುಟ್ಟಿ ಬೆಳೆದದ್ದು ಇಲ್ಲೇ, ಹಳೇ ಗಲ್ಲಿಯಲ್ಲಿ" ಎಂದಳು. "ಎರಡು ಮನೆಗೆ ಒಂದೇ ಗೋಡೆ. ಪಕ್ಕದ ಮನೆ ಗಂಡ ಹೆಂಡತಿ ಜಗಳ ನಮ್ಮನೇಲೇ ಆಡಿದ ಹಾಗೆ ಕೇಳ್ತಿತ್ತು. ಬೆಳಿಗ್ಗೆ ನಲ್ಲಿ ಹತ್ರ ಆಕೆ ಸಿಕ್ಕರೆ ನಮ್ಮಮ್ಮ ತಲೆ ಎತ್ತುತ್ತಿರಲಿಲ್ಲ. ಅಮ್ಮನಿಗೆಷ್ಟು ಜಂಬ ಅಂದ್ಕೊಂಡಿದ್ದೆ ನಾನು. ದೊಡ್ಡವಳಾದ ಮೇಲೆ ಗೊತ್ತಾಯ್ತು. ಅತ್ತು ಊದಿದ ಮುಖ ಆಕೇದು. ಅದನ್ನ ನೋಡಬಾರದು ಅಂತ ನೋಡ್ತಿರಲಿಲ್ಲ ಅಮ್ಮ. ಇಷ್ಟು ಜನ ಇಷ್ಟು ಹತ್ತಿರ ಬದುಕಬೇಕು ಅಂದ್ರೆ, ಕಂಡೂ ಕಾಣದ ಹಾಗಿರೋದೇ ಉಪಕಾರ."

ಹತ್ತಿಕಾಲಮ್ಮ ಅವಳನ್ನು ಬಿಲ್ ವಿಭಾಗಕ್ಕೆ ಕಳಿಸಲಿಲ್ಲ. ಇನ್ನೊಂದು ಸಲ ಆದರೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಹೇಳಿ ಎದ್ದಳು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಭೂತಗನ್ನಡಿಯನ್ನು ಅಂಗಿಯ ತುದಿಯಲ್ಲಿ ಒರೆಸುತ್ತ ಕೇಳಿಸಿಕೊಂಡ. ಹೆಂಡತಿ ಹತ್ತು ಮಾತಾಡಿದರೆ ಒಂದು ಆಡುವ ಮನುಷ್ಯ. ನಮ್ಮೂರಾಗಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳಿದಳು. ಅಲ್ಲಿ ಅಕ್ಕ ತಮ್ಮನ ಅಂಗಡಿಗೆ ಹೋಗುವುದು ಊರಿಗೇ ಗೊತ್ತಿರುತ್ತಿತ್ತು, ಮುಚ್ಚುಮರೆಯೇ ಇರುತ್ತಿರಲಿಲ್ಲ, ನಾಲ್ಕು ಜನ ಸೇರಿ ಆ ಅಪ್ಪನಿಗೂ ಗಂಡನಿಗೂ ಬುದ್ಧಿ ಹೇಳುತ್ತಿದ್ದರು ಎಂದಳು.

"ಹೇಳ್ತಿದ್ರು" ಎಂದ ಅವನು. ಆಮೇಲೆ ಕನ್ನಡಿಯನ್ನು ಕೆಳಗಿಟ್ಟ. "ನಮಗೂ ಹೇಳ್ತಿದ್ರಲ್ಲ. ಏನೂ ವಿಶೇಷ ಇಲ್ವಾ, ಏನೂ ವಿಶೇಷ ಇಲ್ವಾ ಅಂತ. ನಾನು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋಕೆ ಹೋದ್ರೆ ನಾಲ್ಕು ಜನ ಕೇಳೋರು, ಮುಚ್ಚೋವಾಗ ನಾಲ್ಕು ಜನ. ಪ್ರೀತಿಯಿಂದಲೇ ಕೇಳ್ತಿದ್ರು. ಗೊತ್ತು ನನಗೆ. ಇಲ್ಲಿಗೆ ಬಂದ ಮೇಲೆ ಒಬ್ಬರೂ ಕೇಳಿಲ್ಲ ಕಣೇ."

ಇಷ್ಟು ವರ್ಷದ ಸಂಸಾರದಲ್ಲಿ ಅವನು ಈ ಮಾತನ್ನು ಎತ್ತಿರಲಿಲ್ಲ. ಅವಳನ್ನೂ ಜನ ಕೇಳುತ್ತಿದ್ದರು. ಅವಳು ನಕ್ಕು, ಮೇಷ್ಟರ ಮಗುವಿನ ಸುದ್ದಿಗೆ ತಿರುಗಿಸಿಬಿಡುತ್ತಿದ್ದಳು. ಮಾತು ಬಲ್ಲವರಿಗೆ ಅದೊಂದು ಅನುಕೂಲ. ಇವನಿಗೆ ಆ ಅನುಕೂಲವಿರಲಿಲ್ಲ ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಊರೆಲ್ಲರ ಮನೆಯ ಒಳಗು ಬಲ್ಲವಳಿಗೆ ತನ್ನ ಮನೆಯದು ತಿಳಿಯಲಿಲ್ಲ. ಅವಳು ಎದ್ದು ಹೋಗಿ ಅವನ ಪಕ್ಕ ಕೂತಳು. ಊಟಕ್ಕೆ ಬಡಿಸುವಾಗ ಅವನ ತಟ್ಟೆಗೆ ಕೇಳದೆ ಇನ್ನಷ್ಟು ಹಾಕಿದಳು.

ಆದರೂ ಊರಿನ ನೆನಪು ಅವಳನ್ನು ಬಿಡಲಿಲ್ಲ, ಯಾಕೆ ಬಿಡಬೇಕು. ಸರಿತಪ್ಪು ತೂಗಿ ನೋಡಿ ಯಾರೂ ಊರನ್ನು ಹಂಬಲಿಸುವುದಿಲ್ಲ. ಕಿಟಕಿಯಾಚೆ ಸ್ಕೂಟರಿನ ಸದ್ದು ಕೇಳಿದರೆ ಈಗಲೂ ಡಾಕ್ಟರು ಎತ್ತ ಹೊರಟರು ಎಂದು ಕತ್ತು ತಿರುಗುತ್ತಿತ್ತು. ಆದರೆ ಮಂಗಳವಾರ ಮಧ್ಯಾಹ್ನ ಬಂದರೆ ಅವಳ ಹಂಬಲ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಆ ದೀಪ ಹತ್ತಲಿ. ತನಗೆ ಬೈಯಲಿ, ಉಗಿಯಲಿ, ಬೇಕಾದರೆ ಮೇಲಿನವರಿಗೆ ದೂರು ಕೊಡಲಿ. ಆ ಎರಡು ದನಿ ಒಂದೇ ರಿಸೀವರಿನಲ್ಲಿ ಇನ್ನೊಂದು ಸಲ 'ಅಮ್ಮಾ' ಎನ್ನಲಿ. ಮಂಗಳವಾರಗಳು ಬಂದವು, ಹೋದವು. ಒಂದು ಸಲ ಅವಳ ಕೈ ರೇಡಿಯೋ ಅಂಗಡಿಯ ನಂಬರಿನ ತನಕ ಹೋಗಿ ಹಿಂದೆ ಬಂತು. ತಾನಾಗಿ ಕರೆಯುವುದು ಇನ್ನೊಂದು ಉಪಕಾರವಾದೀತೆಂದು ಅವಳಿಗೆ ಹೆದರಿಕೆಯಾಯಿತು.

ಒಂದು ಗುರುವಾರ, ಹೊತ್ತಲ್ಲದ ಹೊತ್ತಿನಲ್ಲಿ, ಬೆಳಗಿನ ಗಡಿಬಿಡಿ ಇಳಿಯುತ್ತಿದ್ದಾಗ, ಒಂದು ಹೆಣ್ಣುದನಿ ಹಳ್ಳಿಯ ಕಿರಾಣಿ ಅಂಗಡಿಯ ನಂಬರು ಹೇಳಿತು. ಹತ್ತಿದ್ದು ಅದೇ ದೀಪ, ಆದರೆ ರೇಡಿಯೋ ಅಂಗಡಿಯಿಂದ ಎನ್ನಲಿಲ್ಲ. ಅಕ್ಕ ಎನ್ನಲಿಲ್ಲ. ಎನ್ನುವ ಅಗತ್ಯವೂ ಇರಲಿಲ್ಲ. ಆ ದನಿಯನ್ನು ಸಾವಿರ ದನಿಯಲ್ಲಿ ಇಟ್ಟರೂ ಲೈನಕ್ಕ ಗುರುತು ಹಿಡಿಯುತ್ತಿದ್ದಳು.

ಎದೆಗೆ ಬಂದ ಮಾತು ಒಂದೆರಡಲ್ಲ. ಆತ ಹೊಡೆದನೇ, ಅಪ್ಪನಿಗೆ ಹೇಳಿದನೇ, ತಮ್ಮ ಹೇಗಿದ್ದಾನೆ, ತನ್ನನ್ನು ಕ್ಷಮಿಸುತ್ತೀಯಾ. ಎಲ್ಲವನ್ನೂ ನುಂಗಿಕೊಂಡು, "ದಯವಿಟ್ಟು ಕಾಯಿರಿ" ಎಂದಳು. ಹಳ್ಳಿಯ ಲೈನಿಗೆ ವೈರು ಚುಚ್ಚಿದಳು. ಗಂಟೆ ಹೋಗುತ್ತಿತ್ತು. ಇಬ್ಬರೂ ಕಾದರು. ಆ ಬಿಡುವಿನಲ್ಲಿ ಮೊದಲು ಮಾತಾಡಿದವಳು ಅವಳೇ.

"ಅಕ್ಕಾ, ನೀವೇ ಅಂತ ಗೊತ್ತು" ಎಂದಳು. "ನಿಮ್ಮ ಮೇಲೆ ಸಿಟ್ಟಿಲ್ಲ. ನಿಮಗೇನು ಗೊತ್ತಿತ್ತು ಪಾಪ. ಅಮ್ಮನ ಜೊತೆ ಮಾತಾಡದೆ ಇರೋಕಾಗ್ತಿಲ್ಲ, ಅದಕ್ಕೇ ವಾರ ಬದಲಾಯಿಸಿದೀನಿ. ಒಂದು ಮಾತು ನಡೆಸಿಕೊಡ್ತೀರಾ? ನನ್ನ ಗುರುತು ಮರೆತುಬಿಡಿ."

ಜೀವಮಾನದಲ್ಲಿ ಯಾರೂ ಲೈನಕ್ಕನಲ್ಲಿ ಇಂಥದ್ದನ್ನು ಕೇಳಿರಲಿಲ್ಲ. ನೆನಪಿಟ್ಟುಕೋ ಎಂದವರೇ ಎಲ್ಲ. ಆಗಲಿ ತಂಗಿ ಎನ್ನಬೇಕೆಂದುಕೊಂಡಳು. ಆದರೆ ತಂಗಿ ಎಂದರೆ ಮರೆತ ಹಾಗೆ ಹೇಗಾಯಿತು. ಅಷ್ಟರಲ್ಲಿ ಹಳ್ಳಿಯಲ್ಲಿ ಫೋನು ಎತ್ತಿದರು. ಒಂದು ಮುದಿದನಿ "ಯಾರೂ?" ಎಂದಿತು.

"ಮಾತಾಡಿ" ಎಂದಳು ಲೈನಕ್ಕ. ಲೈನು ಚೆನ್ನಾಗಿದೆಯೇ ಎಂದು ಕೇಳಲೂ ನಿಲ್ಲದೆ ಕೀಲಿ ಮುಚ್ಚಿದಳು.

ಸ್ವಲ್ಪ ಹೊತ್ತಿನ ಮೇಲೆ ಅವಳ ಹಲಗೆಯಲ್ಲೇ ಪಕ್ಕದ ಸಾಲಿನ ದೀಪ ಹತ್ತಿತು. ಪಿ.ಪಿ. ಕಾಲ್. ಪಂಪು ಮಾರುವವನು. ಹೆಂಡತಿ ಬೇಕು ಎಂದ. ಲೈನಕ್ಕ ಮನೆಗೆ ಗಂಟೆ ಬಾರಿಸಿದಳು, ಎತ್ತುವುದಿಲ್ಲವೆಂದು ಗೊತ್ತಿದ್ದೂ ಕೊನೆಯ ತನಕ ಬಾರಿಸಿದಳು.

"ಉತ್ತರ ಬರುತ್ತಿಲ್ಲ" ಎಂದಳು.

"ಮೇಡಂ, ನೀವೇ ಅಲ್ವಾ?" ಎಂದ ಆತ. ದನಿಯಲ್ಲಿ ಈಗ ನಗು, ಸಲಿಗೆ. "ಅವತ್ತು ಹುಡುಕಿ ಕೊಟ್ಟೋರು? ಮಾತಿನಲ್ಲೇ ಗೊತ್ತಾಯ್ತು ನೋಡಿ, ನಮ್ಮ ಕಡೆಯೋರು ನೀವು. ಯಾವೂರಮ್ಮ ನಿಮ್ಮದು?"

ನಗರಕ್ಕೆ ಬಂದಾಗಿನಿಂದ ಒಬ್ಬರಾದರೂ ಕೇಳಲಿ ಎಂದು ಅವಳು ಕಾದಿದ್ದ ಪ್ರಶ್ನೆ ಅದು. ಊರಿನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆತ ಉತ್ತರಕ್ಕೆ ಕಾಯಲಿಲ್ಲ. "ನಿಮಗೆ ಎಲ್ಲಾ ತಿಳಿದಿರುತ್ತೆ. ಈಗಲೂ ಆ ರೇಡಿಯೋ ಅಂಗಡಿಯಿಂದ ಫೋನ್ ಮಾಡ್ತಾಳಾ ಅವಳು? ಸುಮ್ನೆ ಕೇಳ್ದೆ."

ಹಲಗೆಯ ಮೇಲೆ, ಅವಳ ಕೈಯಿಂದ ಒಂದು ಗೇಣು ಆಚೆ, ರೇಡಿಯೋ ಅಂಗಡಿಯ ವೈರು ಹಳ್ಳಿಯ ಕಡೆಗೆ ಬಾಗಿಕೊಂಡಿತ್ತು.

"ಇಲ್ಲಿ ನಾವು ತುಂಬ ಜನ ಇದ್ದೀವಿ ಸಾರ್" ಎಂದಳು ಲೈನಕ್ಕ. "ಅವತ್ತು ಯಾರು ಕೊಟ್ರೋ. ನನಗೆ ಯಾರ ಪರಿಚಯಾನೂ ಇಲ್ಲ."

"ಹಾಗಾದ್ರೆ ಆ ಅಂಗಡಿಗೆ ಒಂದ್ಸಲ ಹಾಕಿ ನೋಡಿ, ಪುಣ್ಯ ಬರುತ್ತೆ."

ಅವಳು ಕೈ ಚಾಚಲಿಲ್ಲ. ಬೆನ್ನ ಹಿಂದೆ ಯಾರಾದರೂ ನಿಂತಿರಬಹುದು, ನಿಂತಿಲ್ಲದಿರಬಹುದು, ತಿರುಗಿ ನೋಡಲಿಲ್ಲ. ಗಂಟೆ ಬಾರಿಸಲು ಬೇಕಾಗುವಷ್ಟು ಹೊತ್ತು ಸುಮ್ಮನೆ ಕಾದಳು.

"ಉತ್ತರ ಬರುತ್ತಿಲ್ಲ" ಎಂದಳು.

ಆತ ಇನ್ನೂ ಏನೋ ಕೇಳುವವನಿದ್ದ. ಅವಳು ವೈರು ಎಳೆದುಬಿಟ್ಟಳು. ಅತ್ತ ರೇಡಿಯೋ ಅಂಗಡಿಯ ಮಾತು ಶುರುವಾಗಿ ಮೂರು ನಿಮಿಷ ಎಂದೋ ದಾಟಿತ್ತು. ಕೀಲಿ ತೆರೆದು, ಮೂರು ನಿಮಿಷ ಆಯಿತು ಎನ್ನಬೇಕಿತ್ತು. ಅವಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮಾತು ಮುಗಿಸಿ ಇಟ್ಟರೆ ಆ ವೈರಿನ ಬುಡದಲ್ಲಿ ಪುಟ್ಟ ದೀಪ ಹತ್ತುತ್ತದೆ. ಹತ್ತಿರಲಿಲ್ಲ. ಪಕ್ಕದ ಕುರ್ಚಿಯ ಹುಡುಗಿ ಯಾರಿಗೋ "ನಂಬರ್ ಹೇಳಿ" ಎನ್ನುತ್ತಿದ್ದಳು. ದೀಪ ಇನ್ನೂ ಹತ್ತಿರಲಿಲ್ಲ.